ಸಮುರಾಯಿ, ನೈಟ್ ಮತ್ತು ಮುಳಬಾಗಿಲಿನ ಬಂಡೆಗಳು

ಬೆಂಗಳೂರಿನಿಂದ ಹಳೇ ಮದ್ರಾಸ್ ರಸ್ತೆ ಹಿಡಿದು, ಹೊಸಕೋಟೆ ದಾಟಿ ಕೋಲಾರದ ಕಡೆ ಹೊರಟವರಿಗೆ ನಡುವೆ ನರಸಾಪುರ ಸಿಗುತ್ತದೆ. ರಾಗಿ ಹೊಲ, ನೀಲಗಿರಿ ತೋಪುಗಳ ಬಯಲಿನಲ್ಲಿ ಈಗ ದೊಡ್ಡ ಕೈಗಾರಿಕಾ ಪ್ರದೇಶ ಎದ್ದಿದೆ. ಜಪಾನಿನ ಹೊಂಡಾ ಕಂಪನಿ 2013ರಿಂದ ಇಲ್ಲಿ ಸ್ಕೂಟರ್ ತಯಾರಿಸುತ್ತಿದೆ. ಸ್ವೀಡನ್ನಿನ ಸ್ಕೇನಿಯಾ ಲಾರಿ, ಬಸ್ಸುಗಳಿಗಾಗಿ ಬಂದು ಕಾರ್ಖಾನೆ ಹಾಕಿದ್ದೂ ಇಲ್ಲಿಯೇ. ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಹುಡುಗರ ಮೊಬೈಲ್ ಆಟಗಳಲ್ಲೂ ಜಪಾನು, ಯುರೋಪುಗಳದ್ದೇ ಜೋಡಿ: ಒಂದು ಕಡೆ ಕತಾನ ಹಿಡಿದ ಸಮುರಾಯಿ, ಇನ್ನೊಂದು ಕಡೆ ಉಕ್ಕಿನ ಕವಚ ತೊಟ್ಟ ನೈಟ್. ಇಬ್ಬರನ್ನೂ ಅಖಾಡಕ್ಕೆ ಬಿಟ್ಟರೆ ಗೆಲ್ಲುವವನು ಯಾರು?

ಇದನ್ನು ಹುಡುಗಾಟದ ಪ್ರಶ್ನೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅಂಕಿ ಅಂಶ ಹಿಡಿದು ಬೆನ್ನು ಹತ್ತಿದರೆ ಅದು ಕ್ಯೋಟೊ, ಇಂಗ್ಲೆಂಡುಗಳನ್ನು ಸುತ್ತಿ ನೇರವಾಗಿ ಕೋಲಾರ ಜಿಲ್ಲೆಗೇ ಬಂದು ನಿಲ್ಲುತ್ತದೆ. ಈ ಇಬ್ಬರ ಪಂದ್ಯದಲ್ಲಿ ಮೂರನೆಯವನೊಬ್ಬನಿದ್ದಾನೆ. ಅವನನ್ನು ಬಿಟ್ಟು ಮಾಡಿದ ಹೋಲಿಕೆ ಅರ್ಧ ಹೋಲಿಕೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕತ್ತಿಯಿಂದ ಶುರು ಮಾಡೋಣ. ಸಿನಿಮಾ ನೋಡಿ ನೋಡಿ ನಮ್ಮ ತಲೆಯಲ್ಲಿ ಕೂತಿರುವುದು, ಯುರೋಪಿನ ಕತ್ತಿಯೆಂದರೆ ಎತ್ತಲೂ ಆಗದ ಕಬ್ಬಿಣದ ತೊಲೆ, ಜಪಾನಿನ ಕತ್ತಿಯೆಂದರೆ ಗರಿಯಂತೆ ಹಗುರ ಎಂಬ ಚಿತ್ರ. ತಕ್ಕಡಿ ಬೇರೆಯೇ ಹೇಳುತ್ತದೆ. ಕತಾನದ ತೂಕ 1.1ರಿಂದ 1.3 ಕಿಲೋ. ನೈಟ್ ಎರಡು ಕೈಯಲ್ಲಿ ಹಿಡಿಯುತ್ತಿದ್ದ ಉದ್ದಕತ್ತಿಯ ತೂಕ ಸಾಮಾನ್ಯವಾಗಿ 1.2ರಿಂದ 1.6 ಕಿಲೋ. ಒಂದು ಲೀಟರ್ ನೀರಿನ ಬಾಟಲಿಗಿಂತ ತುಸು ಹೆಚ್ಚು, ಅಷ್ಟೇ. ಅದಕ್ಕಿಂತ ಬಹಳ ಭಾರದ ಉಕ್ಕನ್ನು ಗಂಟೆಗಟ್ಟಲೆ ಬೀಸಲು ಮನುಷ್ಯನ ಮಣಿಕಟ್ಟು ಒಪ್ಪುವುದಿಲ್ಲವೆಂಬುದನ್ನು ಒಬ್ಬರ ಮುಖ ಒಬ್ಬರು ನೋಡದ ಎರಡು ದೇಶಗಳ ಕಮ್ಮಾರರು ತಾವಾಗಿಯೇ ಕಂಡುಕೊಂಡಿದ್ದರು.

ವ್ಯತ್ಯಾಸ ಇದ್ದದ್ದು ಉಕ್ಕಿನಲ್ಲಿ. ಜಪಾನಿನಲ್ಲಿ ಕಬ್ಬಿಣದ ಅದಿರಿನ ಬಂಡೆ ಕಡಿಮೆ, ಸಿಗುತ್ತಿದ್ದುದು ಕಬ್ಬಿಣದ ಮರಳು. ಶಿಮಾನೆ ಪ್ರಾಂತದಲ್ಲಿ ಇಂದಿಗೂ ನಡೆಯುವ ತತಾರ ಕುಲುಮೆಯಲ್ಲಿ ಒಂದು ಸಲಕ್ಕೆ ಸುಮಾರು 10 ಟನ್ ಮರಳನ್ನೂ 12 ಟನ್ ಇದ್ದಿಲನ್ನೂ ಸುರಿಯುತ್ತಾರೆ. ಮೂರು ಹಗಲು, ಮೂರು ರಾತ್ರಿ ಬೆಂಕಿ ಆರುವಂತಿಲ್ಲ. ಕೊನೆಗೆ ಕುಲುಮೆಯ ಗೋಡೆ ಒಡೆದು ಹೊರಗೆಳೆಯುವ ಗಟ್ಟಿ ಎರಡೂವರೆ ಟನ್ ಆಸುಪಾಸು. ಕತ್ತಿಗೆ ಯೋಗ್ಯವಾದ ಉತ್ತಮ ಉಕ್ಕು ಅದರ ಒಂದು ಪಾಲು ಮಾತ್ರ. 22 ಟನ್ ಸರಕು ಹಾಕಿದರೆ ಕೈಗೆ ಬರುವುದು ಒಂದು ಟನ್ನಿನಷ್ಟು. ಆಮೇಲೆ ಕಮ್ಮಾರ ಆ ಉಕ್ಕನ್ನು ಕಾಯಿಸಿ, ಬಡಿದು, ಮಡಚುತ್ತಾನೆ. ಹತ್ತು ಸಲ ಮಡಚಿದರೆ 1,024 ಪದರ, ಹದಿನೈದು ಸಲ ಮಡಚಿದರೆ 32,768 ಪದರ. ಅಷ್ಟೊಂದು ಪದರ ಕತ್ತಿಗೆ ಮಾಂತ್ರಿಕ ಶಕ್ತಿ ಕೊಡುತ್ತದೆ ಎಂಬ ನಂಬಿಕೆಯಲ್ಲಿ ಹುರುಳಿಲ್ಲ. ಸಮನಾಗಿರದ ಉಕ್ಕನ್ನು ಸಮ ಮಾಡಿ ಕಲ್ಮಶ ಹೊರಹಾಕಲು ಅವನಿಗಿದ್ದ ದಾರಿಯೇ ಅದು.

ನಮ್ಮ ಕಡೆಯ ದಾರಿ ಇನ್ನೊಂದು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಿದ ಫ್ರಾನ್ಸಿಸ್ ಬುಕನನ್ ಹಳ್ಳಿ ಕುಲುಮೆಗಳಲ್ಲಿ ಉಕ್ಕು ಕಾಯಿಸುವುದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಕಬ್ಬಿಣದ ತುಂಡು, ಕಟ್ಟಿಗೆ ಚೂರು, ಹಸಿ ಎಲೆಗಳನ್ನು ಮಣ್ಣಿನ ಸಣ್ಣ ಮೂಸೆಗೆ ತುಂಬಿ, ಬಾಯಿ ಮುಚ್ಚಿ ಕಾಯಿಸಿದರೆ ಒಳಗೇ ಎಲ್ಲವೂ ಕರಗಿ ಅಂಗೈಯಲ್ಲಿ ಹಿಡಿಯುವಷ್ಟು ಉಕ್ಕಿನ ಬಿಲ್ಲೆಯಾಗುತ್ತಿತ್ತು. ಟನ್ನುಗಟ್ಟಲೆ ಇದ್ದಿಲು ಬೇಡ, ಸಾವಿರಾರು ಪದರವೂ ಬೇಡ.

ಕವಚದ ವಿಷಯ ಬೇಗ ಮುಗಿಸಬಹುದು. ನೈಟನ ಪೂರ್ತಿ ಕವಚ ಸಾಮಾನ್ಯವಾಗಿ 20-25 ಕಿಲೋ, ಕೆಲವು ಅದಕ್ಕೂ ಭಾರ. ಸಮುರಾಯಿಯದೂ ಹೆಚ್ಚುಕಡಿಮೆ ಅಷ್ಟೇ. ನೈಟ್ ಬಿದ್ದರೆ ಏಳಲಾರ ಎಂಬುದು ಸುಳ್ಳು. ಫ್ರಾನ್ಸಿನ ಮಾರ್ಷಲ್ ಬೂಸಿಕೋ ಶಿರಸ್ತ್ರಾಣ ಒಂದನ್ನು ಬಿಟ್ಟು ಉಳಿದ ಕವಚ ತೊಟ್ಟು ಲಾಗ ಹಾಕುತ್ತಿದ್ದನೆಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಆದರೆ ಆ ಭಾರಕ್ಕೆ ಬೆಲೆ ಇತ್ತು. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕವಚ ತೊಟ್ಟು ನಡೆದರೆ ದೇಹ ಖರ್ಚು ಮಾಡುವ ಶಕ್ತಿ ಎರಡು ಪಟ್ಟಿಗಿಂತ ಹೆಚ್ಚು. ಕಾಲಿಗೆ ಕಟ್ಟಿದ ಕಬ್ಬಿಣವನ್ನು ಪ್ರತಿ ಹೆಜ್ಜೆಗೂ ಎತ್ತಿ ಇಡಬೇಕಲ್ಲ.

ಇನ್ನು ಕೈಚಳಕ. ಮಿಯಾಮೊಟೊ ಮುಸಾಶಿ ಹದಿಮೂರನೇ ವಯಸ್ಸಿನಿಂದ ಇಪ್ಪತ್ತೊಂಬತ್ತರ ಒಳಗೆ 60ಕ್ಕೂ ಹೆಚ್ಚು ಸಲ ಸೆಣಸಿ ಒಂದರಲ್ಲೂ ಸೋಲಲಿಲ್ಲವೆಂದು ತಾನೇ ಬರೆದುಕೊಂಡ. 1219ರಲ್ಲಿ ತೀರಿಕೊಂಡ ಇಂಗ್ಲೆಂಡಿನ ವಿಲಿಯಂ ಮಾರ್ಷಲ್ ತನ್ನ ಜೀವಮಾನದಲ್ಲಿ 500 ನೈಟರನ್ನು ಸೆರೆಹಿಡಿದೆನೆಂದು ಸಾಯುವ ಹೊತ್ತಿನಲ್ಲಿ ಲೆಕ್ಕ ಹೇಳಿದನಂತೆ. ಅರವತ್ತು ದೊಡ್ಡದೋ ಐನೂರು ದೊಡ್ಡದೋ? ಎರಡೂ ಅವರವರ ಬಾಯಿಂದಲೇ ಬಂದ ಲೆಕ್ಕ. ಒಬ್ಬನದು ಪ್ರಾಣ ಪಣಕ್ಕಿಟ್ಟ ದ್ವಂದ್ವ, ಇನ್ನೊಬ್ಬನದು ಬಿಡುಗಡೆ ಹಣಕ್ಕಾಗಿ ಶತ್ರುವನ್ನು ಜೀವಂತ ಹಿಡಿಯುವ ಪಂದ್ಯಾಟ. ಇಂಥ ಲೆಕ್ಕದಿಂದ ಯಾರ ಕೈ ಮೇಲೆಂದು ತೀರ್ಮಾನಿಸಲು ಆಗುವುದಿಲ್ಲ.

ತೀರ್ಮಾನಕ್ಕೆ ಒದಗುವ ಲೆಕ್ಕ ಕ್ಯೋಟೊ ನಗರದಲ್ಲಿದೆ. ಅಲ್ಲಿನ ಸಂಜುಸಂಗೆಂಡೋ ಎಂಬ ಬೌದ್ಧ ಮಂದಿರ ಸುಮಾರು 120 ಮೀಟರ್ ಉದ್ದ. ಅದರ ಹೊರ ಜಗುಲಿಯ ಒಂದು ತುದಿಯಲ್ಲಿ ಕೂತು ಇನ್ನೊಂದು ತುದಿ ದಾಟುವಂತೆ ಬಾಣ ಬಿಡುವುದು ಪಂದ್ಯ. ಮೇಲೆ ಚಾವಣಿಯ ತೊಲೆ, ಪಕ್ಕದಲ್ಲಿ ಕಂಬ. ಬಾಣವನ್ನು ಎತ್ತರಕ್ಕೆ ಹಾರಿಸುವಂತಿಲ್ಲ, ತಗ್ಗಿಸಿದರೆ ನೆಲಕ್ಕೆ ತಾಗುತ್ತದೆ. ಬಿಲ್ಲು ಬಿಗಿಯಾಗಿರಬೇಕು, ಕೈ ಅಲ್ಲಾಡಬಾರದು. 1686ರಲ್ಲಿ ವಾಸ ದೈಹಾಚಿರೋ ಎಂಬ ತರುಣ ಸಮುರಾಯಿ ಈ ಜಗುಲಿಯಲ್ಲಿ ಕೂತ. ಒಂದು ಹಗಲು, ಒಂದು ರಾತ್ರಿಯಲ್ಲಿ ಅವನು ಬಿಟ್ಟ ಬಾಣ 13,053. ಆಚೆ ತುದಿ ಮುಟ್ಟಿದವು 8,133.

ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. 24 ಗಂಟೆಯೆಂದರೆ 1,440 ನಿಮಿಷ. ಊಟ, ನೀರು, ವಿಶ್ರಾಂತಿ ಯಾವುದನ್ನೂ ಕಳೆಯದೆ ಹಿಡಿದರೂ ನಿಮಿಷಕ್ಕೆ ಒಂಬತ್ತು ಬಾಣ, ಅಂದರೆ ಏಳು ಸೆಕೆಂಡಿಗೂ ಮೊದಲೇ ಒಂದು. ನೂರಕ್ಕೆ ಅರವತ್ತೆರಡು ಗುರಿ ಮುಟ್ಟಿದವು. ಗುರಿ ಮುಟ್ಟಿದ ಬಾಣಗಳ ಹಾದಿಯನ್ನಷ್ಟೇ ಒಂದಕ್ಕೊಂದು ಜೋಡಿಸಿದರೆ 975 ಕಿಲೋಮೀಟರ್ ದಾಟುತ್ತದೆ. ಬೆಂಗಳೂರಿನಿಂದ ಮುಂಬೈಗೆ ಹೋಗುವಷ್ಟು ದೂರವನ್ನು ಒಬ್ಬ ಮನುಷ್ಯನ ತೋಳು ಒಂದು ದಿನದಲ್ಲಿ ಬಾಣಗಳ ಮೇಲೆ ದಾಟಿತು! ಅದಕ್ಕೆ 17 ವರ್ಷ ಮೊದಲು, 1669ರಲ್ಲಿ, ಹೊಶಿನೊ ಕಾನ್‌ಜಾಎಮೊನ್ ಎಂಬುವನು 10,542 ಬಾಣ ಬಿಟ್ಟು 8,000 ದಾಟಿಸಿದ್ದ. ಬಾಣದ ಸಂಖ್ಯೆ ಕಡಿಮೆ, ಗುರಿ ಇನ್ನೂ ಖಚಿತ. ವಾಸನ ದಾಖಲೆ ಮಾತ್ರ ಇಂದಿಗೂ ಹಾಗೇ ನಿಂತಿದೆ.

ಯುರೋಪಿನ ಉತ್ತರ ಇಂಗ್ಲಿಷ್ ಬಿಲ್ಲುಗಾರರಲ್ಲಿದೆ. 1545ರ ಜುಲೈ 19ರಂದು ಮುಳುಗಿದ ಮೇರಿ ರೋಸ್ ಹಡಗನ್ನು 1982ರಲ್ಲಿ ಮೇಲೆತ್ತಿದರು. ಅದರಿಂದ 137 ಇಡೀ ಬಿಲ್ಲುಗಳೂ 3,500ರಷ್ಟು ಬಾಣಗಳೂ ಸಿಕ್ಕವು. ಅಂಥ ಬಿಲ್ಲನ್ನು ಪೂರ್ತಿ ಎಳೆಯಲು ಬೇಕಾದ ಬಲ 45 ಕಿಲೋದಿಂದ ಶುರುವಾಗಿ 70 ಕಿಲೋ ದಾಟುತ್ತದೆ. ಒಂದು ಸಿಮೆಂಟ್ ಮೂಟೆಯ ಭಾರವನ್ನು ಮೂರು ಬೆರಳಲ್ಲಿ ಕಿವಿಯವರೆಗೆ ಎಳೆಯುವ ಕೆಲಸ. ಹಡಗಿನಲ್ಲಿ ಸಿಕ್ಕ ಕೆಲವು ಅಸ್ಥಿಪಂಜರಗಳ ಭುಜದ ಮೂಳೆಯಲ್ಲಿ ಬಾಲ್ಯದಿಂದಲೇ ಬಿಲ್ಲು ಎಳೆದ ಗುರುತು ಕಾಣುತ್ತದೆ ಎನ್ನುತ್ತಾರೆ ತಜ್ಞರು. ಪ್ರತಿ ಭಾನುವಾರ ಬಿಲ್ಲಿನ ಅಭ್ಯಾಸ ಕಡ್ಡಾಯವೆಂದು ಮೂರನೇ ಎಡ್ವರ್ಡ್ 1363ರಲ್ಲಿ ಆಜ್ಞೆ ಹೊರಡಿಸಿದ್ದ. 1415ರ ಅಜಿನ್‌ಕೋರ್ಟ್ ಕದನದಲ್ಲಿ ಸುಮಾರು 5,000 ಬಿಲ್ಲುಗಾರರಿದ್ದರು. ನಿಮಿಷಕ್ಕೆ ಹತ್ತು ಬಾಣವೆಂದರೆ ಒಂದೇ ನಿಮಿಷದಲ್ಲಿ 50,000 ಬಾಣ. ಬಾಣದ ಕಟ್ಟಿಗೆ 24ರಂತೆ, ಎರಡೂವರೆ ನಿಮಿಷಕ್ಕೆ ಒಂದೊಂದು ಕಟ್ಟು ಖಾಲಿ.

ಸಮುರಾಯಿ ಎಂದರೆ ಕತ್ತಿ ಎಂದು ನಾವು ತಿಳಿದಿರುವುದೂ ತಪ್ಪೇ. 14ನೇ ಶತಮಾನದ ಜಪಾನಿನಲ್ಲಿ ಯೋಧರು ಬಹುಮಾನ ಕೇಳಲು ತಮ್ಮ ಗಾಯಗಳ ಪಟ್ಟಿ ಬರೆದು ಸಲ್ಲಿಸುತ್ತಿದ್ದರು. ಆ ಪಟ್ಟಿಗಳನ್ನು ಕೂಡಿಸಿ ನೋಡಿದ ಇತಿಹಾಸಕಾರ ಥಾಮಸ್ ಕಾನ್ಲನ್‌ಗೆ ಕಂಡದ್ದು, ಹೆಚ್ಚೂಕಡಿಮೆ ಮುಕ್ಕಾಲು ಪಾಲು ಗಾಯ ಬಾಣದ್ದು. ಕತ್ತಿಯ ಪಾಲು ಕಾಲು ಭಾಗದಷ್ಟು. ನಮ್ಮ ವೀರಗಲ್ಲುಗಳೂ ಇದನ್ನೇ ಹೇಳುತ್ತವೆ. ಕುವಳಾಲಪುರವೆಂದು ಕರೆಸಿಕೊಂಡ ಕೋಲಾರದ ಸುತ್ತ ಗಂಗರ, ನೊಳಂಬರ ಕಾಲದ ಎಷ್ಟೋ ಕಲ್ಲುಗಳು ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ಇವೆ. ತುರು ಬಿಡಿಸಲು ಹೋಗಿ ಸತ್ತವನ ಮೈಗೆ ಬಾಣ ನಾಟಿರುವುದನ್ನು ಶಿಲ್ಪಿ ಮರೆಯದೆ ಕಡೆದ ಕಲ್ಲುಗಳಿವೆ.

ಸತ್ತವನಿಗೆ ಸಿಕ್ಕಿದ್ದೇನು? ಜಪಾನಿನಲ್ಲಿ ಯೋಧನ ಬೆಲೆಯನ್ನು ಕೊಕು ಲೆಕ್ಕದಲ್ಲಿ ಅಳೆಯುತ್ತಿದ್ದರು. ಒಂದು ಕೊಕು ಎಂದರೆ ಒಬ್ಬನ ವರ್ಷದ ಅನ್ನ, ಸುಮಾರು 150 ಕಿಲೋ ಅಕ್ಕಿ. ಕಾಗಾ ಸಂಸ್ಥಾನದ ಪ್ರಭುವಿನದು ಹತ್ತು ಲಕ್ಷ ಕೊಕು. ನಮ್ಮಲ್ಲಿ ಸತ್ತ ವೀರನ ಮನೆಯವರಿಗೆ ನೆತ್ತರುಗೊಡಗೆಯಾಗಿ ಹೊಲ ಬರುತ್ತಿತ್ತು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲನ್ನು ಹತ್ತಿರ ನಿಂತು ನೋಡಬೇಕು. ಆನೆ, ಕುದುರೆ, ಕಾಲಾಳು ಒಬ್ಬರ ಮೇಲೊಬ್ಬರು ಬಿದ್ದ ಇಡೀ ಕದನವನ್ನು ಒಂದೇ ಚಪ್ಪಡಿಯಲ್ಲಿ ಕಿಕ್ಕಿರಿಯುವಂತೆ ಕಡೆದಿದ್ದಾರೆ. ಗಂಗ ಎರೆಯಪ್ಪನ ಮಾತಿನಂತೆ ನಾಗತ್ತರ ಎಂಬ ವೀರ ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೈನ್ಯದೆದುರು ಆನೆಗೆ ಆನೆ ಕೊಟ್ಟು ಕಾದಿ ಸತ್ತ. ಅದಕ್ಕೆ ಪ್ರತಿಯಾಗಿ ಇರುಗ ಎಂಬುವನಿಗೆ ನಾಗತ್ತರ ಪಟ್ಟವೂ ಬೇಗೂರು ಹನ್ನೆರಡರ ಹಳ್ಳಿಗಳೂ ದೊರೆತವು. ಹಳ್ಳಿಗಳ ಹೆಸರೂ ಕಲ್ಲಿನ ಮೇಲಿವೆ. ನೈಟನಿಗೆ ಜಹಗೀರು, ಸಮುರಾಯಿಗೆ ಅಕ್ಕಿ, ನಾಗತ್ತರನ ಸಾವಿಗೆ ಹನ್ನೆರಡು ಹಳ್ಳಿ. ಮೂರೂ ಕಡೆ ಯುದ್ಧದ ಹಿಂದೆ ಇದ್ದದ್ದು ಉಳುವ ನೆಲವೇ.

ಈ ಮೂವರನ್ನೂ ಒಟ್ಟಿಗೆ ಬದಲಿಸಿದ್ದು ಕೋವಿ. ಇಲ್ಲಿ ಕತೆ ಗೋವೆಯಿಂದ ಶುರುವಾಗುತ್ತದೆ. ಪೋರ್ಚುಗೀಸರು ಗೋವೆ ಹಿಡಿದದ್ದು 1510ರಲ್ಲಿ. ಹತ್ತೇ ವರ್ಷದಲ್ಲಿ, 1520ರ ರಾಯಚೂರು ಮುತ್ತಿಗೆಯ ಹೊತ್ತಿಗೆ, ಕ್ರಿಸ್ಟೊವಾಂವ್ ದೆ ಫಿಗೆರೆದೊ ಎಂಬ ಪೋರ್ಚುಗೀಸ 20 ಕೋವಿಗಾರರೊಂದಿಗೆ ಕೃಷ್ಣದೇವರಾಯನ ಕಡೆ ನಿಂತು ಕೋಟೆ ಗೋಡೆಯ ಮೇಲಿನವರನ್ನು ಒಬ್ಬೊಬ್ಬರನ್ನಾಗಿ ಉರುಳಿಸಿದ. ರಾಯನ ಸೈನ್ಯದ ಲೆಕ್ಕವನ್ನು ಪೋರ್ಚುಗೀಸ್ ಬರಹಗಾರ ನೂನಿಜ್ ಕೊಡುತ್ತಾನೆ: 7,03,000 ಕಾಲಾಳು, 32,600 ಕುದುರೆ, 551 ಆನೆ. ಇತಿಹಾಸಕಾರರು ಇದನ್ನು ಅನುಮಾನದಿಂದ ನೋಡುತ್ತಾರೆ, ನೋಡಲೇಬೇಕು. ಆದರೂ ಕಾಲಾಳುಗಳನ್ನಷ್ಟೇ ಮೀಟರಿಗೊಬ್ಬರಂತೆ ಸಾಲಾಗಿ ನಿಲ್ಲಿಸಿ ನೋಡಿ, 703 ಕಿಲೋಮೀಟರ್. ಬೆಂಗಳೂರಿನಿಂದ ಹೊರಟು ನರಸಾಪುರ, ಕೋಲಾರ, ಮುಳಬಾಗಿಲು ಹಾದು ಚೆನ್ನೈ ಮುಟ್ಟಿ ಅದೇ ದಾರಿಯಲ್ಲಿ ವಾಪಸು ಬರುವಷ್ಟು ಉದ್ದ. ಅಷ್ಟು ಜನರ ನಡುವೆ ಇಪ್ಪತ್ತು ಜನ ಪೋರ್ಚುಗೀಸ್ ಕೋವಿಗಾರರ ಕೆಲಸವೂ ದಾಖಲೆಗೆ ಬಂತು!

1543ರಲ್ಲಿ ಪೋರ್ಚುಗೀಸರು ಜಪಾನಿನ ತನೆಗಾಶಿಮ ದ್ವೀಪಕ್ಕೆ ತಲುಪಿದಾಗ ಅವರ ಕೈಯಲ್ಲಿದ್ದ ಕೋವಿಯ ಮಾದರಿ ಗೋವೆ, ಮಲಾಕ್ಕಾಗಳ ಕಡೆಯದೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ದ್ವೀಪದ ಒಡೆಯ ಕೊಂಡದ್ದು ಎರಡು ಕೋವಿ. 32 ವರ್ಷ ಕಳೆದು 1575ರ ನಗಾಶಿನೊ ಕದನದಲ್ಲಿ ದಂಡನಾಯಕ ಒಡ ನೊಬುನಾಗನ ಕೋವಿಗಾರರು 3,000 ಎಂಬುದು ಜನಪ್ರಿಯ ಲೆಕ್ಕ. ಹಳೆಯ ಬರಹವೊಂದರಲ್ಲಿ 1,000 ಎಂದಿದೆ. ಸಾವಿರವೇ ನಿಜವೆಂದುಕೊಂಡರೂ ಎರಡರಿಂದ ಸಾವಿರ ಸಣ್ಣ ನೆಗೆತವಲ್ಲ. ಸಮುರಾಯಿಯ ಬದುಕು ತಿರುಗಿದ ಆ ತಿರುವಿನಲ್ಲಿ ನಮ್ಮ ಕರಾವಳಿಯ ಪಾಲೂ ಇದೆ ಎಂಬುದು ನನಗೆ ಬಹಳ ದೊಡ್ಡ ಸಂಗತಿ.

ಕೋವಿ ಬಿಲ್ಲಿಗಿಂತ ವೇಗವಾಗಿತ್ತೆಂದಲ್ಲ. 18ನೇ ಶತಮಾನದ ಇಂಗ್ಲಿಷ್ ಸಿಪಾಯಿ ನಿಮಿಷಕ್ಕೆ ಮೂರು ಗುಂಡು ಹಾರಿಸಿದರೆ ಜಾಣ. ವಾಸ ದೈಹಾಚಿರೋ ದಿನವಿಡೀ ಅದರ ಮೂರು ಪಟ್ಟು ವೇಗದಲ್ಲಿ ಬಾಣ ಬಿಟ್ಟ. ಆದರೆ ಒಬ್ಬ ವಾಸ ತಯಾರಾಗಲು ಬಾಲ್ಯದಿಂದ ಅಭ್ಯಾಸ ಬೇಕು. ಕೋವಿಗಾರನನ್ನು ಕೆಲವು ತಿಂಗಳಲ್ಲಿ ಕವಾಯತು ಮಾಡಿಸಿ ಸಾಲಿನಲ್ಲಿ ನಿಲ್ಲಿಸಬಹುದು, ಅವನು ಬಿದ್ದರೆ ಇನ್ನೊಬ್ಬನನ್ನು ತರಬಹುದು.

ಆ ಸಾಲು ನಮ್ಮ ಜಿಲ್ಲೆಗೂ ಬಂತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ, ತಂದೆಯ ಗೋರಿ ಕೋಲಾರದಲ್ಲೇ ಇರುವ ಹೈದರಾಲಿ, 1768ರ ಅಕ್ಟೋಬರ್ 4ರಂದು ಮುಳಬಾಗಿಲಿನಲ್ಲಿ ಕರ್ನಲ್ ವುಡ್‌ನ ಇಂಗ್ಲಿಷ್ ಪಡೆಗೆ ಎದುರಾದ. ನರಸಾಪುರದಿಂದ ಅಲ್ಲಿಗೆ 45 ಕಿಲೋಮೀಟರಿನ ಆಸುಪಾಸು. ಮುಳಬಾಗಿಲಿನ ಬೆಟ್ಟವನ್ನು ನೋಡಿದವರಿಗೆ ಗೊತ್ತು, ಮನೆಗಾತ್ರದ ಬಂಡೆಗಳು ಒಂದರ ಮೇಲೊಂದು. ಅಲ್ಲಿ ಸಾಲು ಕಟ್ಟಲು ಜಾಗವಿಲ್ಲ, ಕುದುರೆ ಓಡಿಸಲು ಬಯಲಿಲ್ಲ. ಕವಾಯತಿನ ಶಿಸ್ತು ಬಂಡೆಗಳ ನಡುವೆ ಚೂರುಚೂರಾಯಿತು. ವುಡ್ ಸೋಲುವ ಹೊತ್ತಿಗೆ ಕ್ಯಾಪ್ಟನ್ ಬ್ರೂಕ್ ಎಂಬುವನು ನಾಲ್ಕು ಕಂಪನಿ ಸಿಪಾಯಿಗಳೊಂದಿಗೆ ಎರಡು ತೋಪುಗಳನ್ನು ಬಂಡೆಯೊಂದರ ನೆತ್ತಿಗೆ ಎಳೆಸಿದ. ಅಲ್ಲಿಂದ ಗುಂಡು ಸುರಿಸುತ್ತಾ "ಸ್ಮಿತ್! ಸ್ಮಿತ್!" ಎಂದು ಎಲ್ಲರಿಂದಲೂ ಗಂಟಲು ಹರಿಯುವಂತೆ ಕೂಗಿಸಿದ. ಕರ್ನಲ್ ಸ್ಮಿತ್‌ನ ದೊಡ್ಡ ಪಡೆ ಬಂದೇಬಿಟ್ಟಿತೆಂದು ಹೈದರನ ಸೈನ್ಯ ಹಿಂದೆ ಸರಿಯಿತು. ಸ್ಮಿತ್ ಎಲ್ಲೋ ದೂರದಲ್ಲಿದ್ದ. ಇಂಗ್ಲಿಷರ ಲೆಕ್ಕದಂತೆ ಅವರ ಕಡೆ ಸತ್ತವರೂ ಗಾಯಗೊಂಡವರೂ ಸೇರಿ 230ರಷ್ಟು, ಹೈದರನ ಕಡೆ 1,000ದಷ್ಟು.

ಹೈದರನ ನಿಜವಾದ ಪಟ್ಟು ಇದ್ದದ್ದು ಕುದುರೆಯ ಕಾಲಿನಲ್ಲಿ. ಆರು ತಿಂಗಳು ಕಳೆಯುವ ಮೊದಲೇ, 1769ರ ಮಾರ್ಚಿನಲ್ಲಿ, ಅವನು ಭಾರವಾದ ಸಾಮಾನನ್ನೆಲ್ಲ ಬೇರೆ ಕಡೆ ಕಳಿಸಿ, 6,000 ಸವಾರರನ್ನೂ 200 ಕಾಲಾಳುಗಳನ್ನೂ ಆರಿಸಿಕೊಂಡು, ಮೂರೂವರೆ ದಿನದಲ್ಲಿ 130 ಮೈಲಿ ದಾಟಿ ಮದ್ರಾಸಿನ ಬಾಗಿಲಲ್ಲಿ ನಿಂತ. ದಿನಕ್ಕೆ ಸುಮಾರು 60 ಕಿಲೋಮೀಟರ್. ಬೆನ್ನು ಹತ್ತಿದ್ದ ಸ್ಮಿತ್‌ನಿಗೆ ಆ ನಡಿಗೆ ಸಾಧ್ಯವಾಗಲಿಲ್ಲ. ಏಪ್ರಿಲ್ 4ರಂದು ಇಂಗ್ಲಿಷರು ಒಪ್ಪಂದಕ್ಕೆ ರುಜು ಹಾಕಿದರು.

ಹನ್ನೊಂದು ವರ್ಷದ ಮೇಲೆ, 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೈಲಿಯ 3,800ರಷ್ಟು ಜನರ ಪಡೆಯನ್ನು ಸುತ್ತುವರಿದು ಮುಗಿಸಿದರು. ಬೈಲಿಯ ಮದ್ದಿನ ಗಾಡಿಗಳು ಸಿಡಿದದ್ದು ಮೈಸೂರಿನ ಅಗ್ನಿಬಾಣಗಳಿಂದಲೇ ಎಂಬ ಮಾತಿದೆ. ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಉದ್ದನೆಯ ಬಿದಿರಿಗೆ ಬಿಗಿದ ಆಯುಧ ಅದು. ಮದ್ದು ಕಾಗದದ ಕೊಳವೆಯಲ್ಲಿದ್ದರೆ ಒತ್ತಡ ತಡೆಯದೆ ಒಡೆಯುತ್ತದೆ. ಕಬ್ಬಿಣ ತಡೆಯುತ್ತದೆ, ಆದ್ದರಿಂದ ಬಾಣ ಒಂದು ಕಿಲೋಮೀಟರಿನಾಚೆಗೂ ಹೋಗುತ್ತಿತ್ತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಇವು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಇವುಗಳ ಮಾದರಿಯಿಂದ ತನ್ನ ರಾಕೆಟ್ ಬೆಳೆಸಿದ, 1807ರಲ್ಲಿ ಅವು ಯುರೋಪಿನದೇ ನಗರವಾದ ಕೋಪನ್‌ಹೇಗನ್ ಮೇಲೆ ಬಿದ್ದವು.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರಿನ ಬತ್ತಿದ ಬಾವಿಯೊಂದರ ಹೂಳು ತೆಗೆದಾಗ ಇಂಥ 1,000ಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು. ಒಂದೊಂದೂ ಹೆಚ್ಚುಕಡಿಮೆ ಒಂದು ಅಡಿ ಉದ್ದ, ಮೈತುಂಬ ತುಕ್ಕು. ಕತಾನದ ಅಲಗು 70 ಸೆಂಟಿಮೀಟರ್, ವಾಸನ ಜಗುಲಿ 120 ಮೀಟರ್, ಈ ಕೊಳವೆಯ ಓಟ 1,000 ಮೀಟರ್. ಅಲಗಿನ ಉದ್ದಕ್ಕೆ 1,400 ಪಟ್ಟು. ಸಮುರಾಯಿಗೂ ನೈಟನಿಗೂ ಜೋಡಿ ಕಟ್ಟುವ ನರಸಾಪುರದ ಹುಡುಗರು ಮುಂದಿನ ಸಲ ಆ ಆಟಕ್ಕೆ ಬೂದಿಕೋಟೆಯ ಹೈದರನನ್ನೂ ಅವನ ಅಗ್ನಿಬಾಣದವರನ್ನೂ ಸೇರಿಸಿಕೊಳ್ಳಲಿ.